ಕೌದಿ ನೋಡುವ ಕ್ರಮ: ಹೊಸ ರಸಿಕರಿಗೊಂದು ಕೈಪಿಡಿ

ಕೌದಿಯೊಂದು ಕೈಗೆ ಸಿಕ್ಕರೆ ಮೊದಲು ಅದನ್ನು ತಿರುವಿ ಹಾಕಿ. ಮೇಲಿನ ಬಣ್ಣ, ತುಂಡುಗಳ ಜೋಡಣೆ ಎಲ್ಲವನ್ನೂ ಆಮೇಲೆ ನೋಡೋಣ. ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದೇ ಹಳೆಯ ಸೀರೆ ಇರುತ್ತದೆ, ಒಗೆದು ಒಗೆದು ಮೆತ್ತಗಾದದ್ದು. ಕಣ್ಣು ಸೆಳೆಯುವ ತುಂಡುಗಳು ಅಲ್ಲಿಲ್ಲದ ಕಾರಣ ಹೊಲಿಗೆಯೊಂದೇ ಎದ್ದು ಕಾಣುತ್ತದೆ. ಅಂಚಿನ ಗುಂಟ ಹೊರಟ ಸಾಲು ಮೂಲೆಯಲ್ಲಿ ತಿರುಗಿ, ಮುಂದಿನ ಅಂಚು ಹಿಡಿದು, ನಾಲ್ಕೂ ಬದಿ ಸುತ್ತಿ, ಒಂದು ಬೆರಳಿನಷ್ಟು ಒಳಗೆ ಸರಿದು ಮತ್ತೆ ಹೊರಡುತ್ತದೆ. ಆ ಸಾಲಿನ ಮೇಲೆ ಬೆರಳಿಟ್ಟು ಸುತ್ತುತ್ತ ಹೋದರೆ ಕೊನೆಗೆ ನಟ್ಟನಡುವೆ ಬಂದು ನಿಲ್ಲುತ್ತೀರಿ. ಹೊಲಿದಾಕೆ ವಾರಗಟ್ಟಲೆ ನಡೆದ ದಾರಿ ಅದು. ದೂರ ನಿಂತು ಚಿತ್ರ ನೋಡಿದಂತೆ ನೋಡಿದರೆ ಕೌದಿ ಅರ್ಧ ಮಾತ್ರ ದಕ್ಕುತ್ತದೆ; ಅವಳ ಕೈ ಹೋದ ಕಡೆ ನಿಮ್ಮ ಕಣ್ಣೂ ಹೋದಾಗ ಉಳಿದರ್ಧ ತಾನಾಗಿ ಬರುತ್ತದೆ.

ಧಾರವಾಡ, ಬೆಳಗಾವಿ, ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಲ್ಲಿ ಕೌದಿಯ ಬಗ್ಗೆ ವಿವರಿಸಿ ಹೇಳಬೇಕಾಗಿಲ್ಲ. ಹಾಸಲೂ ಅದೇ, ಹೊದೆಯಲೂ ಅದೇ, ಮಧ್ಯಾಹ್ನ ಬಂದ ನೆಂಟರು ಕೂರಲು ನಾಲ್ಕು ಮಡಿಕೆ ಮಾಡಿ ಹಾಕುವುದೂ ಅದೇ. ಹಳೆಯ ಸೀರೆ, ಧೋತರ, ಅಂಗಿ, ಲಂಗಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ದಪ್ಪ ಹೊದಿಕೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಪ್ರಾಂತದ ರಲ್ಲಿ ಇವೆಲ್ಲ ಇದರ ಒಡಹುಟ್ಟುಗಳೇ. ಸೂಜಿ ಮೇಲೆ ಕೆಳಗೆ ಹೋಗುತ್ತ ಮುಂದೆ ಸಾಗುವ ಸರಳ ಹೊಲಿಗೆಯೇ ಎಲ್ಲಕ್ಕೂ ಜೀವಾಳ. ಕಾಂಥಾದ ಬಗ್ಗೆ ಬರೆಯುವ ವಿದ್ವಾಂಸರು, ಅದನ್ನು ಜೋಪಾನ ಮಾಡುವ ವಸ್ತುಸಂಗ್ರಹಾಲಯಗಳು ಎಂದೋ ಬಂದವು. ನಮ್ಮ ಕೌದಿಯನ್ನು ಹಾಗೆ ಹಿಡಿದು ನೋಡಿದವರು ಕಡಿಮೆ. ಅದು ನನಗೆ ನೋವಿನ ಸಂಗತಿ, ಇದನ್ನು ಬರೆಯಲು ಅದೂ ಒಂದು ಕಾರಣ.

ಎಲ್ಲ ಬಗೆಯನ್ನೂ ಒಟ್ಟಿಗೆ ತಿಳಿಯಲು ಹೊರಡಬೇಡಿ. ಮೊದಲು ಸಿದ್ದಿ ಹೆಣ್ಣುಮಕ್ಕಳ ಕೌದಿಯನ್ನು, ಅವರ ಮಾತಿನಲ್ಲಿ ಕವಂದಿಯನ್ನು, ನೋಡಿ ಕಲಿಯಿರಿ, ಕಣ್ಣು ಅಲ್ಲಿ ಬೇಗ ಪಳಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಇವರ ಹಿರೀಕರಲ್ಲಿ ಬಹಳ ಮಂದಿ ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ಬಂದಿಳಿದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇಲ್ಲೇ ನೆಲೆಯೂರಿದರು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಇದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಮೂರೂ ಮತಗಳ ಮನೆಗಳಲ್ಲಿ ಕವಂದಿ ಹೊಲಿಯುತ್ತಾರೆ, ಹೊಲಿಯುವ ಕ್ರಮವೂ ಒಂದೇ. ಕ್ರೈಸ್ತರ ಮನೆಯದರಲ್ಲಿ ಕೆಲವೊಮ್ಮೆ ಬಟ್ಟೆಯಲ್ಲೇ ಕತ್ತರಿಸಿ ಕೂರಿಸಿದ ಶಿಲುಬೆ, ಮುಸಲ್ಮಾನರ ಮನೆಯದರಲ್ಲಿ ಅರ್ಧಚಂದ್ರ ಸಿಗುತ್ತದೆ.

ಕ್ರಮ ಹೀಗೆ. ಕೆಳಗೆ ಒಂದು ಸೀರೆ, ಅದರ ಮೇಲೆ ಒಳಪದರ. ಒಂದು ಮೂಲೆಯಲ್ಲಿ ಮೊದಲ ತುಂಡನ್ನಿಟ್ಟು, ಅದರ ಅಂಚನ್ನು ಉಗುರಿನಿಂದ ಒಳಮಡಚಿ, ಎಲ್ಲ ಪದರಗಳ ಮೂಲಕ ಸೂಜಿ ಇಳಿಸಿ ಎತ್ತುತ್ತ ಹೊರಡುತ್ತಾರೆ. ತುಂಡು ಮುಗಿಯುತ್ತ ಬಂದಂತೆ ಮುಂದಿನದನ್ನು ಅದರ ಅಂಚಿನಡಿ ತೂರಿಸುತ್ತಾರೆ ಇಲ್ಲವೇ ಮೇಲೆ ಏರಿಸುತ್ತಾರೆ. ಸಾಮಾನ್ಯವಾಗಿ ಅಪ್ರದಕ್ಷಿಣವಾಗಿ ಸುತ್ತು ಹಾಕುತ್ತ ಒಳಗೆ ಬರುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಇದು: ಅಮೆರಿಕದ ಕ್ವಿಲ್ಟುಗಳಲ್ಲಿ ಮೇಲ್ಪದರವನ್ನು ಮೊದಲೇ ಪೂರ್ತಿ ಜೋಡಿಸಿಕೊಂಡು, ಆಮೇಲೆ ಹತ್ತಿ ಮತ್ತು ಅಸ್ತರು ಸೇರಿಸಿ, ಚೌಕಟ್ಟಿಗೆ ಬಿಗಿದು ಹೊಲಿಯುವುದು ರೂಢಿ. ಕವಂದಿಯಲ್ಲಿ ತುಂಡು ಹಚ್ಚುವುದೂ ಪದರ ಕೂಡಿಸುವುದೂ ಒಂದೇ ದಾರದ ಒಂದೇ ಕೆಲಸ. ಚೌಕಟ್ಟಿಲ್ಲ, ಮೊದಲೇ ಗೆರೆ ಹಾಕಿಕೊಂಡ ನಕ್ಷೆಯಿಲ್ಲ. ಚೌಕಟ್ಟಿಲ್ಲದೆ ಅಂಚಿನಿಂದ ಒಳಕ್ಕೆ ಹೊಲಿದರೆ ನಡುವೆ ಬಟ್ಟೆ ಉಬ್ಬಿ ನಿಲ್ಲಬೇಕಲ್ಲ ಎಂದು ಹೊಲಿಗೆ ಬಲ್ಲವರು ಕೇಳುತ್ತಾರೆ. ಮೇಲ್ಪದರ ಇಡಿಯ ಬಟ್ಟೆಯಲ್ಲ, ತುಂಡು ತುಂಡಾಗಿ ಆಗಿಂದಾಗ್ಗೆ ಕೂಡುತ್ತ ಬಂದದ್ದು. ಹಾಗಾಗಿ ಮಿಕ್ಕ ಬಟ್ಟೆ ಮೇಲೆ ಕೂಡಿಬೀಳುವುದೇ ಇಲ್ಲ. ಕೆಳಗಿನ ಸೀರೆಯನ್ನು ಅಂಗೈಯಿಂದ ತಟ್ಟಿ ಸರಿಪಡಿಸಿಕೊಂಡರೆ ಸಾಕು.

ಇದು ತಿಳಿದ ಮೇಲೆ ಮುಂಬದಿಗೆ ಬನ್ನಿ. ಹೊರಸುತ್ತಿನಲ್ಲಿ ಅಗಲವಾದ ತುಂಡುಗಳಿದ್ದು ಒಳಗೆ ಹೋದಂತೆ ಸಣ್ಣವಾದರೆ ಗಂಟಿನಲ್ಲಿದ್ದ ಬಟ್ಟೆ ಕರಗುತ್ತ ಬಂತೆಂದು ಊಹಿಸಬಹುದು. ಕೆಂಪು ಬಣ್ಣ ಎರಡು ಸುತ್ತಿನಲ್ಲಿ ಮೆರೆದು ಆಮೇಲೆ ಕಾಣೆಯಾಗಿ, ಕಟ್ಟಕಡೆಗೆ ನಡುವೆ ಬೊಟ್ಟಿನಂತೆ ಮರಳಿ ಬಂದಿದ್ದರೆ ಆ ಕೊನೆಯ ತುಂಡನ್ನು ಆಕೆ ಬೇಕೆಂದೇ ಎತ್ತಿಟ್ಟುಕೊಂಡಿದ್ದಳು. ಪ್ರತಿ ತುಂಡೂ ಆ ಜಾಗಕ್ಕೆ ಕೈ ಬಂದ ಹೊತ್ತಿನಲ್ಲಿ ತೆಗೆದುಕೊಂಡ ತೀರ್ಮಾನ. ದೊಡ್ಡ ತುಂಡಿನ ಮೇಲೆ ಚೌಕದ ಪುಟ್ಟ ತುಂಡು, ಅದರ ಮೇಲೆ ಇನ್ನೂ ಪುಟ್ಟದು ಕೂತಿರುವುದುಂಟು. ಮಕ್ಕಳ ಕವಂದಿಗಳಲ್ಲಿ ಇಂಥವು ಹೆಚ್ಚು. ಅಲ್ಲಿ ಬಟ್ಟೆಯ ಅಗತ್ಯವಿರಲಿಲ್ಲ, ಮಗುವಿನ ಕಣ್ಣಿಗಾಗಿ ಇಟ್ಟದ್ದು.

ನಾಲ್ಕು ಮೂಲೆಗಳನ್ನು ಮರೆಯಬೇಡಿ. ತ್ರಿಕೋನವಾಗಿ ಮಡಚಿದ ಬಟ್ಟೆಯ ಸಣ್ಣ ಎಸಳುಗಳನ್ನು ಅಲ್ಲಿ ಸೇರಿಸಿ ಹೊಲಿದಿರುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕವಂದಿ ಬತ್ತಲೆ ಎಂಬುದು ಹೊಲಿಯುವವರ ಮಾತು. ಹೊದೆಯುವವರಿಗೆ ಅದರಿಂದ ಒಂದಿಷ್ಟೂ ಬೆಚ್ಚಗಾಗುವುದಿಲ್ಲ. ಆದರೂ ಕೂಲಿ ಮುಗಿಸಿ ಬಂದ ದಣಿದ ಕೈ ಆ ನಾಲ್ಕು ಹೂವನ್ನು ಬಿಡುವುದಿಲ್ಲ. ಇನ್ನು ನಡುಭಾಗ. ಸುತ್ತು ಹಾಕುತ್ತ ಬಂದ ಹೊಲಿಗೆ ಮುಗಿಯುವ ಆ ಕೊನೆಯ ತುಂಡಿನಡಿ ಕೆಲವು ಅಜ್ಜಿಯರು ನಾಲ್ಕು ಅಕ್ಕಿಕಾಳು ಇಟ್ಟು ಮುಚ್ಚುತ್ತಾರೆ, ಹೊಟ್ಟೆ ಖಾಲಿ ಇರಬಾರದು ಎಂದು. ಒಗೆತಕ್ಕೆ ಆ ಕಾಳು ಎಷ್ಟು ದಿನ ತಡೆದೀತು ಎಂಬುದು ಅವರಿಗೂ ಗೊತ್ತು.

ಹೊಲಿಗೆಯ ಬಗ್ಗೆ ಇನ್ನೊಂದು ಮಾತು. ಕೌದಿ ಹೊಲಿಗೆಯೂ ಕೈಬರಹದ ಹಾಗೆ, ಒಬ್ಬರದು ಇನ್ನೊಬ್ಬರದನ್ನು ಹೋಲುವುದಿಲ್ಲ. ಒಬ್ಬಾಕೆಯ ಟಾಕಿ, ಅಂದರೆ ಒಂದೊಂದು ಹೊಲಿಗೆ, ಅಕ್ಕಿಕಾಳಿನಷ್ಟು, ಸಾಲುಗಳ ನಡುವೆ ಅರ್ಧ ಬೆರಳೂ ಇಲ್ಲ. ಮತ್ತೊಬ್ಬಾಕೆಯದು ಉದ್ದ, ಸಡಿಲ, ಬೇಗ ಬೇಗ ನಡೆದದ್ದು. ಒತ್ತಾದ ಹೊಲಿಗೆ ಹೆಚ್ಚು ಬಾಳುತ್ತದೆ, ಹೊಲಿದ ಬಟ್ಟೆ ಸುಕ್ಕು ಸುಕ್ಕಾಗಿ ನೀರಿನ ತೆರೆಯಂತೆ ಎದ್ದಿರುತ್ತದೆ. ಆ ಸುಕ್ಕು ದೋಷವಲ್ಲ. ಪದರಗಳ ನಡುವೆ ಗಾಳಿ ಹಿಡಿದಿಡುವುದೇ ಅದು. ಮಳೆಗಾಲದ ಯಲ್ಲಾಪುರದ ಚಳಿಯಲ್ಲಿ ಹೊದ್ದು ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಒಂದೇ ಕೌದಿಯಲ್ಲಿ ಟಾಕಿಯ ಅಳತೆ ಒಂದೆಡೆ ತಟ್ಟನೆ ಬದಲಾದರೆ ಅಲ್ಲಿ ಎರಡನೆಯ ಕೈ ಸೇರಿದೆ. ಅದನ್ನು ಹುಡುಕುವುದು ನನಗೆ ಬಹಳ ಪ್ರಿಯವಾದ ಕೆಲಸ. ಕಣ್ಣು ಮಂಜಾದ ತಾಯಿ ಬಿಟ್ಟಲ್ಲಿಂದ ಮಗಳು ಹಿಡಿದಿರಬಹುದು. ಬೇನೆ ಬಿದ್ದ ಗೆಳತಿಯದನ್ನು ಪಕ್ಕದ ಮನೆಯಾಕೆ ಮಳೆ ಹಿಡಿಯುವ ಮೊದಲು ಮುಗಿಸಿಕೊಟ್ಟಿರಬಹುದು. ಕೇಳಿದರೆ ಹೇಳುತ್ತಾರೆ.

ಕೇಳುವುದನ್ನು ಕಲಿಯಿರಿ. ನಕ್ಷೆಯ ಅರ್ಥ, ಸಂಕೇತ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಒಂದು ತುಂಡಿನ ಮೇಲೆ ಬೆರಳಿಟ್ಟು "ಅಜ್ಜಿ, ಇದು ಯಾರ ಸೀರಿ?" ಎನ್ನಿ. "ಅದು ನನ್ನ ದೊಡ್ಡ ಮಗಳ ಸೀಮಂತದ್ದು, ಇದು ನಮ್ಮ ಸಣ್ಣಾಂವನ ಸಾಲಿ ಅಂಗಿ, ಈ ಹಸರು ನಮ್ಮದಲ್ಲ, ಆಚಿಮನಿಯಾಕಿ ಕೊಟ್ಟದ್ದು" ಎಂದು ಒಂದೊಂದಾಗಿ ಹೊರಬರುತ್ತದೆ. ಶಾಲೆಯ ಸಮವಸ್ತ್ರದ ನೀಲಿ ಕೌದಿಗಳಲ್ಲಿ ಮತ್ತೆ ಮತ್ತೆ ಕಾಣುವ ಬಣ್ಣ. ಬಯಲುಸೀಮೆಯ ಕೌದಿಯಲ್ಲಿ ಇಳಕಲ್ ಸೀರೆಯ ದಡಿಯೋ ಟೋಪ ಸೆರಗಿನ ಕೆಂಪು ಬಿಳಿ ಹಲ್ಲುಗಳೋ, ಗುಳೇದಗುಡ್ಡ ಖಣದ ಕುಪ್ಪಸದ ತೋಳೋ ಸಿಕ್ಕಿದರೆ ಅಲ್ಲಿ ನಿಂತು ನೋಡಿ. ಖಣದ ಹೊಳಪು ಕುಂದಿದರೂ ನೇಯ್ಗೆಯ ಹೂವು ಬೆರಳಿಗೆ ತಾಕುತ್ತದೆ. ತೀರಿಹೋದವರ ಬಟ್ಟೆಯ ವಿಷಯ ಮನೆಮನೆಗೆ ಬೇರೆ. ಕೆಲವರು ಅಪ್ಪನ ಧೋತರವನ್ನು ಬೇಕೆಂದೇ ಸೇರಿಸುತ್ತಾರೆ, ಕೆಲವರು ಮುಟ್ಟುವುದಿಲ್ಲ. ನೀವಾಗಿ ಊಹಿಸಬೇಡಿ.

ಬಟ್ಟೆ ಬದಲಾದಂತೆ ಕೌದಿಯೂ ಬದಲಾಗಿದೆ. ಪಾಲಿಯೆಸ್ಟರ್ ಸೀರೆ ಬಂದ ಮೇಲೆ ಬಣ್ಣ ಮಾಸುವುದಿಲ್ಲ, ನಿಜ, ಆದರೆ ಬೆವರು ಹೀರುವುದಿಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತವೆ, ಸೂಜಿ ತೂರಿಸುವ ಕೈಗೆ ನೋವು. ಈಗಿನ ಹಲವು ಕೌದಿಗಳಲ್ಲಿ ದರ್ಜಿ ಅಂಗಡಿಯ ಹೊಸ ಚಿಂದಿಯೂ ಸೇರುತ್ತದೆ. ನೋಡಲು ಝಗಮಗ. ನನ್ನ ಮಟ್ಟಿಗೆ ಹತ್ತಿಯ ಹಳೆಯ ಕೌದಿಯ ಭಾರ, ಅದರ ಮೆತ್ತನೆ, ಬಿಸಿಲಲ್ಲಿ ಒಣಗಿಸಿದ ವಾಸನೆ ಇವುಗಳೇ ಮೇಲು. ಹಾಗೆಂದು ಹೊಸದನ್ನು ಕಡೆಗಣಿಸಲಾರೆ. ಮನೆಯಲ್ಲಿರುವ ಬಟ್ಟೆಯಿಂದಲೇ ಕೌದಿ ಆಗುವುದು, ಇವತ್ತು ಮನೆಯಲ್ಲಿರುವುದು ಅದೇ.

ಹೊಲಿಯುವಾಕೆಯ ದಿನ ಹೇಗಿರುತ್ತದೆಂದು ತಿಳಿಯದೆ ಕೌದಿ ತಿಳಿಯದು. ಸಿದ್ದಿ ಹೆಂಗಸರಲ್ಲಿ ಹೆಚ್ಚಿನವರು ಬೇರೆಯವರ ಗದ್ದೆಯಲ್ಲಿ, ಅಡಿಕೆ ತೋಟದಲ್ಲಿ ಕೂಲಿ ಮಾಡುವವರು. ಕಾಡಿನಿಂದ ಸೌದೆ ತರಬೇಕು, ನೀರು ತರಬೇಕು, ಒಲೆ ಹೊತ್ತಿಸಬೇಕು. ಹೊಲಿಗೆಗೆ ಸಿಗುವುದು ಊಟದ ನಂತರದ ಇಳಿಹೊತ್ತು, ಕೆಲಸವಿಲ್ಲದ ದಿನ, ಸುಗ್ಗಿ ಮುಗಿದು ಮಳೆ ಬರುವವರೆಗಿನ ಬಿಡುವು. ವರ್ಷವಿಡೀ ಕೂಡಿಟ್ಟ ಬಟ್ಟೆಯ ಗಂಟು ಆಗ ಬಿಚ್ಚುತ್ತದೆ. ಜಗಲಿಯಲ್ಲಿ ಕಾಲು ಚಾಚಿ ಕೂತು ತೊಡೆಯ ಮೇಲೆ ಕವಂದಿ ಹರಡಿಕೊಂಡ ಹೊತ್ತಿಗೆ ನೆರೆಯಾಕೆಯೂ ತನ್ನದನ್ನು ಹಿಡಿದು ಬರುತ್ತಾಳೆ. ಇಬ್ಬರ ಗಂಟೂ ಬಿಚ್ಚಿದ ಮೇಲೆ ತುಂಡುಗಳು ಅತ್ತಿಂದಿತ್ತ ಹೋಗುತ್ತವೆ: ನಿನಗೆ ಹಳದಿ ಬೇಕಲ್ಲ, ತಗೋ, ಆ ಚೌಕಳಿಯದು ನನಗಿರಲಿ. ಶಾಲೆಯಿಂದ ಬಂದ ಹುಡುಗಿಯ ಪಾಲಿನ ಕೆಲಸ ಸೂಜಿಗೆ ದಾರ ಪೋಣಿಸುವುದು. ಅಜ್ಜಿ ಒಂದು ದಾರ ಮುಗಿಸುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರಬೇಕು. ಹಾಗೆ ಪೋಣಿಸುತ್ತ ಕೂತವಳೇ ಮುಂದೆ ಹೊಲಿಯುವವಳಾಗುತ್ತಾಳೆ, ಬೇರೆ ಪಾಠವಿಲ್ಲ.

ಬಯಲುಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಲ್ಲಿ ಮನೆಯವರೇ ಹೊಲಿದುಕೊಳ್ಳುವುದರ ಜೊತೆಗೆ, ಗೊಂದಲಿಗರಂಥ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಊರೂರಿಗೆ ಬಂದು ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದರು. ಗುಡಿಯ ಮುಂದಿನ ಬಯಲಲ್ಲೋ ಬೇವಿನ ನೆರಳಲ್ಲೋ ಬಟ್ಟೆ ಹಾಸಿ, ಇಬ್ಬರು ಎದುರುಬದುರು ಕೂತು ಅಂಚಿನಿಂದ ಹೊರಡುವುದು. ಮನೆಯೊಡತಿ ಬಟ್ಟೆ, ದಾರ ಕೊಡುತ್ತಿದ್ದಳು. ಕೂಲಿಯ ಜೊತೆ ಜೋಳವೋ ರೊಟ್ಟಿಯೋ ಸೇರುತ್ತಿತ್ತು. ಆ ಕೈಗಳ ವೇಗ, ಸಾಲಿನ ನೇರ ಬೇರೆಯೇ.

ಒಂದೇ ಕಡೆ ನೂರಾರು ಕೌದಿ ನೋಡಬೇಕೇ? ಮಾನೌಮಿಯ ಮುಂಚಿನ ದಿನಗಳಲ್ಲಿ ಉತ್ತರ ಕರ್ನಾಟಕದ ಯಾವುದಾದರೂ ಹಳ್ಳದ ದಂಡೆಗೆ ಹೋಗಿ. ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆಯಬೇಕೆಂಬ ರೂಢಿ ಅಲ್ಲಿ ಬಲವಾಗಿದೆ. ನೀರು ಕುಡಿದ ಕೌದಿ ಒಬ್ಬರ ಕೈಗೆ ಎತ್ತಲು ಬಾರದು. ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುಚಿ ಹಿಂಡಿ, ಝಾಡಿಸಿ, ಬಂಡೆಯ ಮೇಲೆ, ಜಾಲಿಯ ಗಿಡದ ಮೇಲೆ, ಹುಲ್ಲಿನ ಮೇಲೆ ಹರಡುತ್ತಾರೆ. ಊರಿನ ಎಲ್ಲ ಮನೆಗಳ ಕೌದಿಗಳೂ ಅಂದು ಬಿಸಿಲಲ್ಲಿ ಬಿಚ್ಚಿಕೊಂಡಿರುತ್ತವೆ. ಅಲ್ಲಿ ಹೆಂಗಸರು ಒಬ್ಬರದನ್ನೊಬ್ಬರು ನೋಡುವ ರೀತಿ ಗಮನಿಸಿ. ಮೊದಲು ಅಂಚು ಎತ್ತಿ ಹಿಂಬದಿ ನೋಡುತ್ತಾರೆ, ಆಮೇಲೆ ಮೂಲೆ, ಆಮೇಲೆ "ಯಾರು ಹೊಲಿದ್ರ ಇದನ್ನ?" ಎನ್ನುತ್ತಾರೆ. ಅವರಿಗಿಂತ ದೊಡ್ಡ ವಿಮರ್ಶಕರಿಲ್ಲ. ಹೋಗುವ ಮೊದಲು ಕೇಳಿಕೊಂಡು ಹೋಗಿ, ಕೇಳದೆ ಫೋಟೊ ಹಿಡಿಯಬೇಡಿ, ಅವರು ಕೆಲಸದಲ್ಲಿರುತ್ತಾರೆ.

ಕೌದಿಯ ಗಂಟಿನಿಂದ ಹುಟ್ಟುವ ಸಣ್ಣ ವಸ್ತುಗಳ ಕಡೆಗೂ ರಸಿಕರ ಕಣ್ಣು ಹೋಗಬೇಕು. ತೊಟ್ಟಿಲಿನ ಪುಟ್ಟ ಕೌದಿ ಇದೆ, ಅಜ್ಜಿಯ ಅತಿ ಮೆದುವಾದ ಸೀರೆಯಿಂದ ಮಾಡಿದ್ದು. ಎಳೆ ಮೈಗೆ ಹೊಸ ಬಟ್ಟೆ ಒರಟು. ಮಗುವಿನ ತಲೆ ಬೆನ್ನು ಮುಚ್ಚುವ ಕುಂಚಿಗೆ ಇದೆ. ನನಗೆ ಬಹಳ ಹಿಡಿಸುವುದು ಮುದುಕಿಯರ ಎಲೆಸಂಚಿ. ಅಂಗೈ ಅಗಲದ ಚೀಲ, ಅದರೊಳಗೆ ಒಂದರ ಹಿಂದೊಂದು ಅರೆಗಳು: ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕಿಂತ ಒಳಗಿನದರಲ್ಲಿ ಮಡಚಿದ ನೋಟು. ಬಾಯಿಗೆ ಪೋಣಿಸಿದ ದಾರ ಎಳೆದರೆ ಮುಚ್ಚಿಕೊಳ್ಳುತ್ತದೆ. ಒಂದು ಸಂಚಿಯನ್ನು ಒಳಹೊರಗು ಮಾಡಿ ನೋಡಿ: ಹೊರಗೆ ಖಣ, ಒಳಗಿನ ಅರೆಗಳು ಒಂದೊಂದೂ ಒಂದೊಂದು ಬಟ್ಟೆ, ಬೆರಳು ಆಡಿ ಆಡಿ ಸುಣ್ಣದ ಅರೆಯ ಅಂಚು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕತ್ತಲಲ್ಲಿಯೂ ಯಾವ ಅರೆಯಲ್ಲಿ ಏನಿದೆ ಎಂದು ಕೈಗೆ ಗೊತ್ತಾಗುವಂತೆ ಹೊಲಿದದ್ದು ಅದು. ಇಂಥ ಸಂಚಿಯನ್ನು ಗೆಳತಿಗೆ ಹೊಲಿದುಕೊಟ್ಟರೆ ಆಕೆ ಅದನ್ನು ಬದುಕಿರುವವರೆಗೆ ಸೊಂಟದಲ್ಲೇ ಇಟ್ಟುಕೊಳ್ಳುತ್ತಾಳೆ.

ಬಟ್ಟೆಯನ್ನು ನೆನಪಿಗೆಂದು ಇಟ್ಟುಕೊಳ್ಳುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಊರಿನಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನು ಕತ್ತರಿಸಿ 1942ರಲ್ಲಿ ಒಂದು ಕ್ವಿಲ್ಟ್ ಹೊಲಿದಳು. ಮಾಸಿದ ನೀಲಿ, ಬೂದು, ಮಣ್ಣಿನ ಬಣ್ಣದ ಅಗಲ ಪಟ್ಟಿಗಳು, ಅಷ್ಟೇ. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳ ಊರದು. ಅಲ್ಲಿನ ಹೆಂಗಸರ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡು, 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು. ಸಿದ್ದಿ ಕವಂದಿಗಳೂ ಹೊರನಾಡು ಕಂಡಿವೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂಅಲ್ ಉತ್ತರ ಕನ್ನಡದ ಊರುಗಳಲ್ಲಿದ್ದು ಇವನ್ನು ಅಧ್ಯಯನ ಮಾಡಿದರು. 2004ರಲ್ಲಿ ಹೊಲಿಯುವ ಹೆಂಗಸರ ಸಹಕಾರ ಸಂಘವೊಂದು ಏರ್ಪಡಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನವೂ ನಡೆಯಿತು.

ಎರಡೂ ಕಡೆಯ ಗಾಢ ಬಣ್ಣ, ಲೆಕ್ಕ ತಪ್ಪಿಸುವ ಲಯ ನೋಡಿ ಇದೆಲ್ಲ ಆಫ್ರಿಕದ ನೆನಪು ಎಂದುಬಿಡುವ ಆಸೆ ಯಾರಿಗಾದರೂ ಬರುತ್ತದೆ. ಅವಸರ ಬೇಡ. ಕವಂದಿಯ ಹೊಲಿಗೆ, ಸೀರೆಯ ಪದರ ಎಲ್ಲವೂ ನೆರೆಯ ಕೌದಿ, ಗೋಧಡಿಗಳಿಗೆ ಹತ್ತಿರ. ಬಣ್ಣ ಕೂಡಿಸುವ ಎದೆಗಾರಿಕೆ, ಮೂಲೆಯ ಫೂಲ ಅವರದೇ ಕಾಣಿಕೆ. ನೂರಾರು ವರ್ಷ ಈ ಮಣ್ಣಿನಲ್ಲಿ ಬಾಳಿದವರ ಕಲೆಯನ್ನು ಪೂರ್ತಿಯಾಗಿ ಸಮುದ್ರದಾಚೆಗೆ ಒಪ್ಪಿಸಿದರೆ ಅವರಿಗೆ ಅನ್ಯಾಯ ಮಾಡಿದಂತೆ. ಆಚೆಯದೇನೂ ಉಳಿದಿಲ್ಲ ಎನ್ನುವುದೂ ಅಷ್ಟೇ ದುಡುಕು.

ಕೊಳ್ಳುವಾಗ ಎರಡು ವಿಷಯ ನೋಡಿ. ಕೈಹೊಲಿಗೆಯಲ್ಲಿ ಟಾಕಿ, ಬಿಡುವು, ಟಾಕಿ, ಬಿಡುವು ಎಂದು ಸಾಲು ಸಾಗುತ್ತದೆ. ಮುಂದೆ ದಾರ ಮುಳುಗಿದಲ್ಲಿ ಹಿಂದೆ ಏಳುತ್ತದೆ. ಮಷೀನ್ ಹೊಲಿಗೆಯಲ್ಲಿ ಎರಡೂ ಬದಿ ಬಿಡುವಿಲ್ಲದ ಗೆರೆ. ಕೌದಿಯ ಚಿತ್ರವನ್ನು ಒಂದೇ ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರುವುದೂ ಉಂಟು, ತುಂಡಿನ ಅಂಚು ಉಗುರಿಗೆ ಸಿಗದಿದ್ದರೆ ಅದು ಕೌದಿಯಲ್ಲ. ಎರಡನೆಯದು ಬೆಲೆ. ಎಷ್ಟು ದಿನ ಹಿಡಿಯಿತು ಎಂದು ಕೇಳಿ, ಆ ಊರಿನ ದಿನಗೂಲಿಯಿಂದ ಗುಣಿಸಿ ನೋಡಿ. ಕೇಳಿದ ಬೆಲೆ ಅದಕ್ಕಿಂತ ಕಡಿಮೆಯೇ ಇರುವುದು ಹೆಚ್ಚು. ಅಂಥ ಕಡೆ ಚೌಕಾಸಿ ಮಾಡುವುದು ಸರಿಯಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಹೊಲಿದವರ ಹೆಸರು ಕೇಳಿಕೊಂಡು ಒಂದು ಚೂರು ಬಟ್ಟೆಯ ಮೇಲೆ ಬರೆದು ಹಿಂಬದಿಯ ಮೂಲೆಗೆ ಹಚ್ಚಿ. ಮಾರುವ ಅಂಗಡಿಗಳು ಇದನ್ನು ಮಾಡುವುದು ಅಪರೂಪ.

ತಂದ ಮೇಲೆ ಗಾಜಿನ ಹಿಂದೆ ಇಡಬೇಡಿ, ಹೊದೆಯಿರಿ. ತಣ್ಣೀರಲ್ಲಿ ಕೈಯಿಂದ ಒಗೆದು, ಬಣ್ಣ ಉಳಿಯಬೇಕೆಂದಿದ್ದರೆ ನೆರಳಲ್ಲಿ ಒಣಗಿಸಿ. ತೂಗು ಹಾಕದೆ ಹರಡಿ, ಇಲ್ಲವಾದರೆ ನೀರಿನ ಭಾರಕ್ಕೆ ಹೊಲಿಗೆ ಹಿಗ್ಗುತ್ತದೆ. ವರ್ಷಗಳು ಕಳೆದಂತೆ ಮೇಲಿನ ತುಂಡುಗಳು ತೆಳ್ಳಗಾಗಿ ಒಳಪದರ ಇಣುಕತೊಡಗುತ್ತದೆ. ಹಳೆಯ ಕೌದಿಗಳಲ್ಲಿ ಹೀಗೆ ಹರಿದ ಕಿಂಡಿಯಿಂದ ಇನ್ನೂ ಹಳೆಯದೊಂದು ಕೌದಿ ಕಾಣುವುದುಂಟು, ಹಿಂದಿನವರು ಅದನ್ನೇ ಒಳಪದರ ಮಾಡಿಕೊಂಡಿರುತ್ತಾರೆ. ನಿಮ್ಮದಕ್ಕೂ ಆ ಕಾಲ ಬಂದಾಗ ಹೊಲಿಯುವವರ ಬಳಿಗೇ ಒಯ್ದು ಮೇಲೊಂದು ಪದರ ಹಾಕಿಸಿ. ಅದಕ್ಕೆ ಬಟ್ಟೆ ಮಾತ್ರ ನಿಮ್ಮ ಮನೆಯದೇ ಆಗಲಿ, ಹತ್ತಿಯದಾದರೆ ಒಳ್ಳೆಯದು. ಈಗಿನಿಂದಲೇ ಒಂದು ಗಂಟು ಕಟ್ಟಿಡಿ.